ಪೆಪ್ಪರ್ ಸ್ಪ್ರೇ ಕಣ್ಣಿಗೆ ಬಿದ್ದರೆ: ಹಾಲಲ್ಲ, ನೀರು ಬೇಕು

ಮಂಗಳೂರು: ಪ್ರತಿಭಟನೆಯ ಸ್ಥಳದಲ್ಲಿ ಘೋಷಣೆ ಕೂಗುವವರು ಮತ್ತು ಅವರನ್ನು ತಡೆಯಲು ನಿಂತವರು ಮಾತ್ರ ಇರುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುವ ಕೊಟ್ಟಾರ ಚೌಕಿಯಂತಹ ಜಂಕ್ಷನ್ನಿನಲ್ಲಿ ರಸ್ತೆ ತಡೆ ನಡೆಯಿತೆಂದರೆ ಸಿಟಿ ಬಸ್ಸಿಗೆ ಕಾದು ನಿಂತವರು, ಶಾಲೆ ಬಿಟ್ಟು ಮನೆಗೆ ಹೊರಟ ಮಕ್ಕಳು, ಕುಂಟಿಕಾನದ ಆಸ್ಪತ್ರೆಗೆ ಸಾಗುತ್ತಿರುವ ರೋಗಿಗಳು, ಅಂಗಡಿ ತೆರೆದು ಕುಳಿತವರು, ಬಂದೋಬಸ್ತಿಗೆ ಬಂದ ಪೊಲೀಸ್ ಸಿಬ್ಬಂದಿ ಎಲ್ಲರೂ ಅದೇ ಗಾಳಿಯನ್ನು ಉಸಿರಾಡುತ್ತಾರೆ. ಅಲ್ಲಿ ಪೆಪ್ಪರ್ ಸ್ಪ್ರೇ ಹಾರಿದರೆ, ಇಲ್ಲವೇ ಅಶ್ರುವಾಯು ಶೆಲ್ ಸಿಡಿದರೆ, ಅದು ಯಾರು ಯಾವ ಪಕ್ಷದವರೆಂದು ವಿಚಾರಿಸುವುದಿಲ್ಲ. ಮೊದಲ ಹದಿನೈದು ನಿಮಿಷಗಳಲ್ಲಿ ನೆರವಿಗೆ ಬರುವವರು ವೈದ್ಯರಲ್ಲ, ಪಕ್ಕದಲ್ಲಿ ನಿಂತವರು. ಆ ಹದಿನೈದು ನಿಮಿಷಗಳಲ್ಲಿ ಏನು ಮಾಡಬೇಕು ಎಂಬುದಕ್ಕಿಂತ ಏನು ಮಾಡಬಾರದು ಎಂಬುದೇ ಹೆಚ್ಚಿನವರಿಗೆ ತಿಳಿದಿರುವುದಿಲ್ಲ.

ಮಂಗಳೂರಿಗೆ ಇದು ಕೇವಲ ಪುಸ್ತಕದ ವಿಷಯವಲ್ಲ. 2019ರ ಡಿಸೆಂಬರ್ 19ರಂದು ಪೌರತ್ವ ತಿದ್ದುಪಡಿ ಕಾಯ್ದೆ ವಿರೋಧಿ ಪ್ರತಿಭಟನೆಯ ವೇಳೆ ನಗರದ ಬಂದರು ಪೊಲೀಸ್ ಠಾಣೆಯ ಸುತ್ತಮುತ್ತ ಲಾಠಿ ಪ್ರಹಾರ, ಅಶ್ರುವಾಯು ಪ್ರಯೋಗ, ಕೊನೆಗೆ ಗೋಲಿಬಾರ್ ನಡೆದು ಇಬ್ಬರು ಸಾವಿಗೀಡಾದರು. ಗಾಯಾಳುಗಳನ್ನು ಕರೆದೊಯ್ದಿದ್ದ ಫಳ್ನೀರಿನ ಹೈಲ್ಯಾಂಡ್ ಆಸ್ಪತ್ರೆಯೊಳಗೆ ಪೊಲೀಸರು ಪ್ರವೇಶಿಸಿದ ಸಿಸಿಟಿವಿ ದೃಶ್ಯಗಳು ದೇಶದಾದ್ಯಂತ ಪ್ರಸಾರವಾದವು. ಆಸ್ಪತ್ರೆಯ ಆವರಣಕ್ಕೂ ಅಶ್ರುವಾಯು ತಲುಪಿತೆಂಬ ಆರೋಪ ಕೇಳಿಬಂತು. ಅಂದು ರಾತ್ರಿಯೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮೊಬೈಲ್ ಇಂಟರ್‌ನೆಟ್ ಸ್ಥಗಿತಗೊಂಡಿತು. ಪ್ರಥಮ ಚಿಕಿತ್ಸೆಯ ದೃಷ್ಟಿಯಿಂದ ಈ ಕೊನೆಯ ಸಂಗತಿ ಗಮನಾರ್ಹ. ಅಗತ್ಯ ಬಿದ್ದಾಗ ಫೋನಿನಲ್ಲಿ ಹುಡುಕಿ ನೋಡಿದರಾಯಿತು ಎಂಬ ಭರವಸೆ, ಅತ್ಯಂತ ಅಗತ್ಯವಿರುವ ಗಳಿಗೆಯಲ್ಲೇ ಕೈಕೊಡಬಹುದು. ತಿಳಿದುಕೊಳ್ಳುವುದಿದ್ದರೆ ಮೊದಲೇ ತಿಳಿದುಕೊಂಡಿರಬೇಕು.

ಹೆಸರು ಪೆಪ್ಪರ್, ವಸ್ತು ಮೆಣಸಿನಕಾಯಿ

ಕರಾವಳಿಯವರು ಪೆಪ್ಪರ್ ಎಂದೊಡನೆ ಒಳ್ಳೆಮೆಣಸನ್ನು, ಅಂದರೆ ಕರಿಮೆಣಸನ್ನು, ನೆನೆಯುವುದು ಸಹಜ. ಆದರೆ ಪೆಪ್ಪರ್ ಸ್ಪ್ರೇಯಲ್ಲಿ ಕರಿಮೆಣಸು ಇರುವುದಿಲ್ಲ. ಅದರಲ್ಲಿರುವುದು ಒಣಮೆಣಸಿನಕಾಯಿಯಿಂದ ತೆಗೆದ ಓಲಿಯೋರೆಸಿನ್ ಎಂಬ ಎಣ್ಣೆಯಂತಹ ಗಟ್ಟಿ ಸಾರ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣಕ್ಕಾಗಿ ಆಹಾರೋದ್ಯಮವು ತೆಗೆಯುವುದೂ ಓಲಿಯೋರೆಸಿನ್ನನ್ನೇ; ಆದರೆ ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಸ್ಪ್ರೇಗೆ ಬೇಕಾಗುವುದು ಖಾರ. ಆ ಖಾರಕ್ಕೆ ಕಾರಣವಾದ ರಾಸಾಯನಿಕದ ಹೆಸರು ಕ್ಯಾಪ್ಸೈಸಿನ್.

ನಮ್ಮ ನರತುದಿಗಳಲ್ಲಿ ಬಿಸಿಯನ್ನು ಗ್ರಹಿಸುವ ಒಂದು ಗ್ರಾಹಕವಿದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ತಾಕಿದಾಗ ಅದು ತೆರೆದುಕೊಂಡು ‘ಸುಡುತ್ತಿದೆ’ ಎಂಬ ಸಂದೇಶವನ್ನು ಮಿದುಳಿಗೆ ರವಾನಿಸುತ್ತದೆ. ಕ್ಯಾಪ್ಸೈಸಿನ್ ತಾಕಿದಾಗಲೂ ಅದೇ ಗ್ರಾಹಕ ತೆರೆದುಕೊಳ್ಳುತ್ತದೆ. 1997ರಲ್ಲಿ ಇದನ್ನು ಗುರುತಿಸಿದ ತಂಡದ ಮುಖ್ಯಸ್ಥ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಹಕ್ಕಿಗಳಲ್ಲಿ ಈ ಗ್ರಾಹಕಕ್ಕೆ ಕ್ಯಾಪ್ಸೈಸಿನ್ ತಾಗುವುದೇ ಇಲ್ಲ; ಗಿಳಿ ಸೂಜಿಮೆಣಸನ್ನು ಸಲೀಸಾಗಿ ತಿನ್ನುವುದರ ಗುಟ್ಟು ಇದು.

ಈ ವಿವರದಿಂದ ಎರಡು ಉಪಯೋಗಗಳಿವೆ. ಮೊದಲನೆಯದು, ಮುಖ ಬೆಂದುಹೋಗುತ್ತಿದೆ ಎನ್ನಿಸಿದರೂ ಅಲ್ಲಿ ಬೆಂಕಿಯಾಗಲಿ ಆ್ಯಸಿಡ್ ಆಗಲಿ ಇಲ್ಲ. ಕಣ್ಣು ತಾನಾಗಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಕುರುಡಾದೆನೆಂಬ ಭೀತಿ ಆವರಿಸುತ್ತದೆ. ಆದರೆ ಬಹುತೇಕರಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕಣ್ಣು ತೆರೆಯಲು ಸಾಧ್ಯವಾಗುತ್ತದೆ. ಈ ಮಾತನ್ನು ಪೀಡಿತರಿಗೆ ಗಟ್ಟಿಯಾಗಿ, ಮತ್ತೆ ಮತ್ತೆ ಹೇಳುವುದೇ ಚಿಕಿತ್ಸೆಯ ಮೊದಲ ಭಾಗ. ಎರಡನೆಯದು, ಬಿಸಿನೀರು ಸಲ್ಲದು. ಶಾಖಕ್ಕೂ ಖಾರಕ್ಕೂ ಗ್ರಾಹಕ ಒಂದೇ ಆದ್ದರಿಂದ ಬಿಸಿನೀರು ಉರಿಯನ್ನು ಹೆಚ್ಚಿಸುತ್ತದೆ, ತಣ್ಣೀರು ತಗ್ಗಿಸುತ್ತದೆ.

ಅಶ್ರುವಾಯುವಿನ ಬಗೆ ಬೇರೆ. ಹೆಸರಿನಲ್ಲಿ ವಾಯು ಇದ್ದರೂ ಅದು ಅನಿಲವಲ್ಲ, ಸೂಕ್ಷ್ಮ ಪುಡಿಯ ಹೊಗೆ. ಹೆಚ್ಚು ಬಳಕೆಯಲ್ಲಿರುವ ಸಿಎಸ್ ಎಂಬ ರಾಸಾಯನಿಕವನ್ನು 1928ರಲ್ಲಿ ಅಮೆರಿಕದ ಕಾರ್ಸನ್ ಮತ್ತು ಸ್ಟಾಟನ್ ಎಂಬಿಬ್ಬರು ತಯಾರಿಸಿದ್ದರಿಂದ ಅವರ ಹೆಸರಿನ ಮೊದಲಕ್ಷರಗಳೇ ಅದಕ್ಕೆ ಅಂಟಿಕೊಂಡವು. ಭಾರತದ ಪೊಲೀಸರಿಗೆ ಬೇಕಾದ ಅಶ್ರುಹೊಗೆಯ ಶೆಲ್‌ಗಳನ್ನು ತಯಾರಿಸುವುದು ಗ್ವಾಲಿಯರ್ ಬಳಿಯ ಟೇಕನ್‌ಪುರದಲ್ಲಿರುವ ಗಡಿ ಭದ್ರತಾ ಪಡೆಯ ಘಟಕ. ಇವೆರಡರ ನಡುವೆ ಮೂರನೆಯದೊಂದಿದೆ. 2016ರಲ್ಲಿ ಕಾಶ್ಮೀರದಲ್ಲಿ ಪೆಲೆಟ್ ಗನ್ನುಗಳಿಂದ ನೂರಾರು ಜನರ ಕಣ್ಣಿಗೆ ಹಾನಿಯಾದ ಬಳಿಕ ಪರ್ಯಾಯವಾಗಿ ಕೇಂದ್ರ ಸರ್ಕಾರ ಒಪ್ಪಿದ ‘ಪಾವಾ’ ಶೆಲ್. ಅದರಲ್ಲಿರುವುದೂ ಮೆಣಸಿನಕಾಯಿಯ ಖಾರದ ಕುಲಕ್ಕೇ ಸೇರಿದ ರಾಸಾಯನಿಕ. ಬೀದಿಯಲ್ಲಿ ನಿಂತವರಿಗೆ ಯಾವುದು ತಾಗಿತೆಂದು ತಿಳಿಯುವುದು ಕಷ್ಟ. ತಿಳಿಯಲೇಬೇಕೆಂದೂ ಇಲ್ಲ, ಮೊದಲ ಉಪಚಾರ ಎಲ್ಲಕ್ಕೂ ಬಹುಮಟ್ಟಿಗೆ ಒಂದೇ.

ಮೊದಲು ಜಾಗ ಬಿಡಿ, ಆಮೇಲೆ ನೀರು

ಸ್ಪ್ರೇ ಹಾರಿದ ಜಾಗದಲ್ಲೇ ನಿಂತು ಮುಖ ತೊಳೆಯುವುದು ವ್ಯರ್ಥ. ಗಾಳಿ ಬೀಸಿ ಬರುತ್ತಿರುವ ದಿಕ್ಕಿಗೆ, ಅಂದರೆ ಗಾಳಿಗೆ ಎದುರಾಗಿ, ಸಾಗಬೇಕು. ಮಂಗಳೂರಿನಂತಹ ಕಡಲೂರಿನಲ್ಲಿ ಮಳೆಗಾಲವಲ್ಲದ ದಿನಗಳ ಮಧ್ಯಾಹ್ನ ಸಾಮಾನ್ಯವಾಗಿ ಗಾಳಿ ಸಮುದ್ರದಿಂದ ನೆಲದತ್ತ ಬೀಸುತ್ತದೆ, ರಾತ್ರಿ ಕಳೆದಂತೆ ನೆಲದಿಂದ ಸಮುದ್ರದತ್ತ ತಿರುಗುತ್ತದೆ. ಆದುದರಿಂದ ಕೊಟ್ಟಾರದಲ್ಲಿ ಮಧ್ಯಾಹ್ನ ಹೊಗೆ ಎದ್ದರೆ ಅದು ಪೂರ್ವಕ್ಕೆ, ಕುಂಟಿಕಾನದ ಕಡೆಗೆ ಸರಿಯುವ ಸಂಭವ ಹೆಚ್ಚು. ಶುದ್ಧ ಗಾಳಿ ಕಡಲ ಕಡೆಯ ಒಳರಸ್ತೆಗಳಲ್ಲಿ ಸಿಗುತ್ತದೆ. ಆದರೆ ಮೇಲ್ಸೇತುವೆ, ಎತ್ತರದ ಕಟ್ಟಡಗಳ ನಡುವೆ ಗಾಳಿ ಸುಳಿ ಸುತ್ತುವುದುಂಟು. ಲೆಕ್ಕಾಚಾರಕ್ಕಿಂತ ತೆಂಗಿನ ಗರಿ ಅಥವಾ ಅಂಗಡಿಯ ಬ್ಯಾನರ್ ಯಾವ ಕಡೆ ಬಾಗುತ್ತಿದೆ ಎಂದು ನೋಡುವುದೇ ನಂಬಲರ್ಹ. ಅಶ್ರುಹೊಗೆ ಗಾಳಿಗಿಂತ ಭಾರವಾದುದರಿಂದ ತಗ್ಗಿನಲ್ಲಿ ತಂಗುತ್ತದೆ. ಅಂಡರ್‌ಪಾಸ್, ಚರಂಡಿಯ ಪಕ್ಕ, ನೆಲಮಾಳಿಗೆಯ ಪಾರ್ಕಿಂಗ್ ಅಡಗಲು ಒಳ್ಳೆಯ ಜಾಗಗಳೆಂದು ತೋರಬಹುದು, ಅಲ್ಲ.

ಮುಚ್ಚಿದ ಜಾಗ ಎಷ್ಟು ಅಪಾಯಕಾರಿ ಎಂಬುದಕ್ಕೆ ದೇಶದ ಸಂಸತ್ತೇ ಸಾಕ್ಷಿ. 2014ರ ಫೆಬ್ರವರಿ 13ರಂದು ತೆಲಂಗಾಣ ಮಸೂದೆಯ ಗದ್ದಲದಲ್ಲಿ ಸದಸ್ಯರೊಬ್ಬರು ಲೋಕಸಭೆಯೊಳಗೆ ಪೆಪ್ಪರ್ ಸ್ಪ್ರೇ ಸಿಂಪಡಿಸಿದಾಗ ಒಂದು ಡಬ್ಬಿಯ ಖಾರಕ್ಕೆ ಇಡೀ ಸದನ ಕೆಮ್ಮುತ್ತಾ ಹೊರನಡೆಯಬೇಕಾಯಿತು. ಕೆಲವು ಸದಸ್ಯರನ್ನು ಆಸ್ಪತ್ರೆಗೆ ಸಾಗಿಸಲಾಯಿತು. ಬಸ್ಸಿನೊಳಗೆ, ರಿಕ್ಷಾದಲ್ಲಿ, ಅಂಗಡಿಯ ಶಟರ್ ಎಳೆದುಕೊಂಡು ಒಳಗೆ ಸಿಲುಕಿದವರಿಗೂ ಇದೇ ಗತಿ.

ಜಾಗ ಬಿಟ್ಟ ಮೇಲೆ ಮುಖ್ಯವಾದದ್ದು ಕೈಗಳನ್ನು ತಡೆದು ಹಿಡಿಯುವುದು. ಉರಿಯುವ ಕಣ್ಣನ್ನು ಉಜ್ಜದಿರುವುದು ಬಹು ಕಷ್ಟ. ಆದರೆ ಉಜ್ಜಿದರೆ ರೆಪ್ಪೆಯ ಮೇಲಿನ ಖಾರ ಒಳಕ್ಕೆ ಇಳಿಯುತ್ತದೆ, ಕಣ್ಣಿನ ಪಾರದರ್ಶಕ ಪಟಲಕ್ಕೆ ಗೀರು ಬೀಳುತ್ತದೆ. ಸ್ಪ್ರೇ ತಗುಲಿದವರಲ್ಲಿ ಕಂಡುಬರುವ ಪಟಲದ ತರಚುಗಾಯಗಳಿಗೆ ಈ ಉಜ್ಜುವಿಕೆಯೂ ಒಂದು ಕಾರಣ. ಉಜ್ಜುವ ಬದಲು ಬಿಡದೆ ಕಣ್ಣು ಮಿಟುಕಿಸಬೇಕು. ಸುರಿಯುವ ಕಣ್ಣೀರು ತಾನೇ ತೊಳೆಯುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಧರಿಸಿದವರು ಕೈ ತೊಳೆದು ಕೂಡಲೇ ತೆಗೆದು ಎಸೆಯಬೇಕು. ಖಾರ ಹೀರಿದ ಲೆನ್ಸನ್ನು ತೊಳೆದು ಮತ್ತೆ ಹಾಕಿಕೊಳ್ಳುವಂತಿಲ್ಲ. ಕಾಡಿಗೆಯಲ್ಲಿ ಎಣ್ಣೆ ಇರುವುದರಿಂದ ಅದೂ ಖಾರವನ್ನು ಹಿಡಿದಿಡುತ್ತದೆ. ತೇವದ ಬಟ್ಟೆಯಿಂದ ಹೊರಮುಖವಾಗಿ ಒರೆಸಿ ತೆಗೆಯಬೇಕು.

ಇನ್ನು ನೀರು. ಒಂದು ಬೊಗಸೆ ಎರಚಿದರೆ ಸಾಲದು. ಹತ್ತರಿಂದ ಹದಿನೈದು ನಿಮಿಷ ಧಾರೆಯಾಗಿ ಹರಿಸಬೇಕು. ಪೀಡಿತರ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ತೊಳೆಯುವ ಕಣ್ಣು ಕೆಳಗಿರುವಂತೆ ಮಾಡಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಬಿಡಬೇಕು. ಆಗ ಒಂದು ಕಣ್ಣಿನ ಖಾರ ಮತ್ತೊಂದಕ್ಕೆ ಹರಿಯದು. ಒಂದು ಲೀಟರಿನ ಕುಡಿಯುವ ನೀರಿನ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ಎರಡು ಮೂರು ತೂತು ಮಾಡಿ ಹಿಚುಕಿದರೆ ಒಳ್ಳೆಯ ಧಾರೆ ಸಿಗುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ನಾರ್ಮಲ್ ಸಲೈನ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ಅದಕ್ಕಾಗಿ ಕಾಯಬೇಕಿಲ್ಲ. ಅಂಗಡಿಯವರು ತಮ್ಮ 20 ಲೀಟರಿನ ಕ್ಯಾನನ್ನು ಹೊರಗಿಟ್ಟರೆ ಅದೇ ದೊಡ್ಡ ಉಪಕಾರ. ಬೀದಿಯಲ್ಲಿ ನಿಂತ ನೀರನ್ನು ಮಾತ್ರ ಕಣ್ಣಿಗೆ ಸೋಕಿಸಬಾರದು. ಮಳೆ ಬಂದರೆ ಕೊಟ್ಟಾರ ಚೌಕಿಯಲ್ಲಿ ರಾಜಕಾಲುವೆಯ ನೀರು ರಸ್ತೆಗೇ ಬರುವುದು ಈ ಭಾಗದವರಿಗೆ ಹೊಸತಲ್ಲ. ಆ ನೀರಿಗಿಂತ ಖಾರವೇ ಮೇಲು.

ಖಾರದ ಸಾರ ಎಣ್ಣೆಯಂತಿರುವುದರಿಂದ ನೀರಿನಲ್ಲಿ ಕರಗುವುದಿಲ್ಲ, ಹಾಗಿದ್ದರೆ ನೀರೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ನೀರು ಕರಗಿಸುವುದಿಲ್ಲ, ಕೊಚ್ಚಿಕೊಂಡು ಹೋಗುತ್ತದೆ. ಜೊತೆಗೆ ತಂಪು ನೀಡುತ್ತದೆ. ಆದ್ದರಿಂದಲೇ ಪ್ರಮಾಣ ಮುಖ್ಯ. ಕಣ್ಣು ಬಿಟ್ಟು ಉಳಿದ ಮುಖ, ಕುತ್ತಿಗೆ, ಕೈಗಳಿಗೆ ಸೋಪು ಅಥವಾ ಮಕ್ಕಳ ಶಾಂಪೂ ಹಚ್ಚಿ ತೊಳೆದರೆ ಎಣ್ಣೆಯಂಶ ಬಿಡುತ್ತದೆ. ತಿಕ್ಕಬಾರದು, ಒರೆಸುವಾಗಲೂ ಒತ್ತಿ ತೆಗೆಯಬೇಕು.

ಹಾಲು, ಈರುಳ್ಳಿ, ಕೊಬ್ಬರಿ ಎಣ್ಣೆ

ಪ್ರತಿಭಟನೆಗಳ ಚಿತ್ರಗಳಲ್ಲಿ ಮುಖಕ್ಕೆ ಹಾಲು ಸುರಿಯುವ ದೃಶ್ಯ ಜಗತ್ತಿನಾದ್ಯಂತ ಪ್ರಸಿದ್ಧ. ಹಾಲು ಕುಡಿದರೆ ನಾಲಿಗೆಯ ಖಾರ ಇಳಿಯುವುದು ನಿಜ; ಹಾಲಿನ ಕೊಬ್ಬು ಮತ್ತು ಪ್ರೋಟೀನು ಕ್ಯಾಪ್ಸೈಸಿನ್ನನ್ನು ಹಿಡಿದುಕೊಳ್ಳುತ್ತವೆ. ಆದರೆ ನಾಲಿಗೆಯ ನಿಯಮ ಕಣ್ಣಿಗೆ ಅನ್ವಯಿಸುವುದಿಲ್ಲ. 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಪೆಪ್ಪರ್ ಸ್ಪ್ರೇಗೆ ಒಡ್ಡಿಕೊಂಡ 49 ಸ್ವಯಂಸೇವಕರನ್ನು ಐದು ಗುಂಪು ಮಾಡಿ ಹೊಟ್ಟೆಯುರಿಯ ದ್ರವೌಷಧ, ಅರಿವಳಿಕೆ ಜೆಲ್, ಮಕ್ಕಳ ಶಾಂಪೂ, ಹಾಲು ಮತ್ತು ಬರಿಯ ನೀರು ಬಳಸಿ ಮುಖದ ಚರ್ಮದ ನೋವನ್ನು ಅಳೆಯಲಾಯಿತು. ಐದರ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ನೋವು ತಗ್ಗಿಸಿದ್ದು ಮುಖ್ಯವಾಗಿ ಕಾಲ. ಹೀಗಿರುವಾಗ ಬೀದಿಯ ಬಿಸಿಲಿನಲ್ಲಿ ಗಂಟೆಗಟ್ಟಲೆ ಇದ್ದ ಪ್ಯಾಕೆಟ್ ಹಾಲನ್ನು ಗೀರು ಬಿದ್ದ ಕಣ್ಣಿಗೆ ಸುರಿದು ಸೋಂಕನ್ನು ಆಹ್ವಾನಿಸುವುದರಲ್ಲಿ ಅರ್ಥವಿಲ್ಲ. ಎಳನೀರಿಗೂ ಇದೇ ಮಾತು. ಕೊಟ್ಟವರು ಪ್ರೀತಿಯಿಂದ ಕೊಟ್ಟರೆ ಕುಡಿಯಬಹುದು, ಕಣ್ಣಿಗೆ ಹಾಕಬಾರದು.

ಈರುಳ್ಳಿ ಮೂಸುವುದು, ಕಣ್ಣಿನ ಕೆಳಗೆ ಟೂತ್‌ಪೇಸ್ಟ್ ಬಳಿಯುವುದು, ನಿಂಬೆರಸ ಅಥವಾ ವಿನೆಗರ್‌ನಲ್ಲಿ ಅದ್ದಿದ ಕರವಸ್ತ್ರ ಹಿಡಿಯುವುದು ಒಂದು ದೇಶದ ಬೀದಿಯಿಂದ ಇನ್ನೊಂದು ದೇಶದ ಬೀದಿಗೆ ಹಬ್ಬಿದ ನಂಬಿಕೆಗಳು. ಇವುಗಳಿಂದ ಲಾಭವಿಲ್ಲ, ನಿಂಬೆ, ವಿನೆಗರ್ ಕಣ್ಣಿಗೆ ತಾಗಿದರೆ ಹೊಸ ಉರಿ ಸೇರುತ್ತದೆ.

ಕರಾವಳಿಯ ಮನೆಗಳಲ್ಲಿ ಮೊದಲು ಕೈಗೆ ಬರುವುದು ತೆಂಗಿನೆಣ್ಣೆಯಾದ್ದರಿಂದ ಅದರ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅಡುಗೆಮನೆಯಲ್ಲಿ ಮೆಣಸಿನಕಾಯಿ ಹೆಚ್ಚಿ ಉರಿಯುವ ಅಂಗೈಗೆ ಎಣ್ಣೆ ಸವರುವ ಅಜ್ಜಿಯ ಉಪಾಯದಲ್ಲಿ ವಿವೇಕವಿದೆ; ಖಾರ ಎಣ್ಣೆಯಲ್ಲಿ ಕರಗುತ್ತದೆ, ಬಳಿಕ ಸೋಪು ಹಾಕಿ ತೊಳೆದರೆ ಎರಡೂ ಹೋಗುತ್ತವೆ. ಆದರೆ ಅದು ಅಂಗೈಯ ದಪ್ಪ ಚರ್ಮದ ಮಾತು. ಮುಖಕ್ಕೆ ಎಣ್ಣೆ ಸವರಿದರೆ ಕರಗಿದ ಖಾರ ಕಣ್ಣಿಗೆ, ತುಟಿಗೆ, ಮೂಗಿಗೆ ಹರಡುತ್ತದೆ, ಚರ್ಮದ ಮೇಲೆ ಪದರವಾಗಿ ನಿಲ್ಲುತ್ತದೆ. ಹೊಗೆಯ ಪುಡಿಯಂತೂ ಎಣ್ಣೆ ಬಳಿದ ಮುಖಕ್ಕೆ ಸುಲಭವಾಗಿ ಅಂಟುತ್ತದೆ. ಪ್ರತಿಭಟನೆಗೆ ಹೊರಡುವ ಮುನ್ನ ಎಣ್ಣೆಯುಕ್ತ ಕ್ರೀಮು ಹಚ್ಚಿಕೊಳ್ಳುವುದೂ ಇದೇ ಕಾರಣಕ್ಕೆ ತಪ್ಪು.

ಬಟ್ಟೆಯನ್ನು ಮರೆಯುವವರೇ ಹೆಚ್ಚು. ಕಣ್ಣು ತೊಳೆದು ಸಮಾಧಾನವಾಯಿತೆನ್ನುವಷ್ಟರಲ್ಲಿ ಸೆರಗಿನಲ್ಲೋ ದುಪಟ್ಟಾದಲ್ಲೋ ಮುಖ ಒರೆಸಿಕೊಂಡರೆ ಕತೆ ಮೊದಲಿನಿಂದ ಆರಂಭ. ಖಾರ ಬಿದ್ದ ಮೇಲಂಗಿಯನ್ನು ಬೇಗ ಕಳಚಬೇಕು. ಟೀ ಶರ್ಟಿನಂತಹದನ್ನು ತಲೆಯ ಮೇಲಿಂದ ಎಳೆದರೆ ಮುಖಕ್ಕೇ ಉಜ್ಜಿದಂತಾಗುವುದರಿಂದ ಸಾಧ್ಯವಾದರೆ ಕತ್ತರಿಸಿ ತೆಗೆಯುವುದು ಲೇಸು. ಕಳಚಿದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮನೆಯಲ್ಲಿ ಬೇರೆಯಾಗಿ ಒಗೆಯಬೇಕು. ದ್ವಿಚಕ್ರ ಸವಾರರ ಹೆಲ್ಮೆಟ್ಟಿನ ಒಳಗಿನ ಸ್ಪಂಜು ದಿನಗಟ್ಟಲೆ ಘಾಟು ಹಿಡಿದಿಡಬಲ್ಲದು. ಸ್ನಾನ ಮಾಡುವಾಗ ಮೊದಲು ತಲೆಯನ್ನು ಮುಂದಕ್ಕೆ ಬಾಗಿಸಿ ಕೂದಲನ್ನು ಮಾತ್ರ ತೊಳೆಯಬೇಕು, ಇಲ್ಲವಾದರೆ ಕೂದಲಿನ ಖಾರ ನೀರಿನೊಡನೆ ಇಳಿದು ಮೈಯೆಲ್ಲ ಉರಿಯುತ್ತದೆ. ನೆರವಿಗೆ ಬಂದವರು ಕೈಗವಸು ಇಲ್ಲದಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಳ್ಳಲಿ. ಪೀಡಿತರನ್ನು ವಾಹನದಲ್ಲಿ ಒಯ್ಯುವಾಗ ಎಸಿ ಆರಿಸಿ ಕಿಟಕಿಗಳನ್ನೆಲ್ಲ ತೆರೆದಿಡಬೇಕು.

ಸಿಡಿದ ಶೆಲ್ಲನ್ನು ಕೈಯಲ್ಲಿ ಹಿಡಿದು ಎಸೆಯುವ ಸಾಹಸ ಬೇಡ. ಅದು ಚರ್ಮ ಸುಡುವಷ್ಟು ಬಿಸಿ ಇರುತ್ತದೆ. 2024ರ ಫೆಬ್ರವರಿಯಲ್ಲಿ ಪಂಜಾಬ್–ಹರಿಯಾಣ ಗಡಿಯ ಶಂಭುವಿನಲ್ಲಿ ಡ್ರೋನ್‌ಗಳಿಂದ ಅಶ್ರುವಾಯು ಶೆಲ್ ಬಿದ್ದಾಗ ರೈತರು ಒದ್ದೆ ಗೋಣಿಚೀಲಗಳನ್ನು ಅವುಗಳ ಮೇಲೆ ಹಾಕಿದ್ದರು. ಸಾಮಾನ್ಯ ದಾರಿಹೋಕರಿಗೆ ಅದಕ್ಕಿಂತ ದೂರ ಸರಿಯುವುದೇ ಕ್ಷೇಮ.

ಉಸಿರು ಕಟ್ಟಿದರೆ ಕಾಯಬಾರದು

ಕಣ್ಣಿನ ಉರಿ ಎಲ್ಲರ ಗಮನ ಸೆಳೆಯುತ್ತದೆ, ಜೀವಕ್ಕೆ ಅಪಾಯವಿರುವುದು ಉಸಿರಾಟದಲ್ಲಿ. ಅಸ್ತಮಾ ಇರುವವರಲ್ಲಿ ಖಾರದ ಕಣಗಳು ಶ್ವಾಸನಾಳವನ್ನು ಸಂಕುಚಿತಗೊಳಿಸಿ ತೀವ್ರ ಉಬ್ಬಸ ತರಬಲ್ಲವು. ತಮ್ಮ ಇನ್‌ಹೇಲರನ್ನು ಸದಾ ಜೇಬಿನಲ್ಲಿಟ್ಟುಕೊಳ್ಳುವುದು ಇವರಿಗೆ ಅನಿವಾರ್ಯ. ವೈದ್ಯರು ಸೂಚಿಸಿದ ಪ್ರಮಾಣದಲ್ಲಿ ಕೂಡಲೇ ಎಳೆದುಕೊಂಡು ಆಸ್ಪತ್ರೆಯ ದಾರಿ ಹಿಡಿಯಬೇಕು. ಪೀಡಿತರನ್ನು ಮಲಗಿಸುವ ಬದಲು ಮುಂದಕ್ಕೆ ಬಾಗಿ ಕೂರಿಸಿದರೆ ಉಸಿರಾಟ ಸುಲಭವಾಗುತ್ತದೆ. ಎಳೆಯ ಮಕ್ಕಳು, ಗರ್ಭಿಣಿಯರು, ವೃದ್ಧರು, ಹೃದ್ರೋಗ ಅಥವಾ ಶ್ವಾಸಕೋಶದ ಕಾಯಿಲೆ ಇರುವವರ ವಿಷಯದಲ್ಲಿ ಕಾದು ನೋಡುವ ಪ್ರಶ್ನೆಯೇ ಇಲ್ಲ. ಎದೆಯಲ್ಲಿ ಸುಯ್ಯೆಂಬ ಸದ್ದು, ಮಾತು ಪೂರ್ತಿಗೊಳಿಸಲಾಗದ ಏದುಸಿರು, ತುಟಿ ನೀಲಿಗಟ್ಟುವುದು, ಪ್ರಜ್ಞೆ ತಪ್ಪುವುದು ಕಂಡರೆ 108ಕ್ಕೆ ಕರೆ ಮಾಡಬೇಕು. ರಸ್ತೆ ಮುಚ್ಚಿ ಆಂಬುಲೆನ್ಸ್ ಬರುವುದು ತಡವಾಗುವಂತಿದ್ದರೆ ಸಿಕ್ಕ ವಾಹನವೇ ಆಂಬುಲೆನ್ಸ್. ಕೋವಿಡ್ ಕಾಲದಿಂದ ಮನೆಮನೆಯಲ್ಲಿರುವ ಎನ್-95 ಮಾಸ್ಕ್ ಕಣಗಳನ್ನು ಒಂದಿಷ್ಟು ತಡೆಯುತ್ತದೆ, ಆದರೆ ಮಾಸ್ಕಿಗೇ ಸ್ಪ್ರೇ ಬಿದ್ದರೆ ಅದನ್ನು ಕಿತ್ತೆಸೆಯಬೇಕು.

ಕಣ್ಣಿನ ವಿಷಯದಲ್ಲಿ, ಚೆನ್ನಾಗಿ ತೊಳೆದ ಬಳಿಕವೂ ಒಂದೆರಡು ಗಂಟೆ ಮೀರಿ ನೋವು ಉಳಿದರೆ, ದೃಷ್ಟಿ ಮಂಜಾದರೆ, ಮರಳು ಚುಚ್ಚಿದಂತಾದರೆ, ಬೆಳಕು ನೋಡಲಾಗದಿದ್ದರೆ ನೇತ್ರತಜ್ಞರನ್ನು ಕಾಣಬೇಕು. ತೀರಾ ಹತ್ತಿರದಿಂದ ಸಿಂಪಡಿಸಿದಾಗ ಖಾರಕ್ಕಿಂತ ಧಾರೆಯ ರಭಸವೇ ಕಣ್ಣುಗುಡ್ಡೆಗೆ ಪೆಟ್ಟು ಕೊಡಬಹುದು. ತಲೆಗೆ, ಮುಖಕ್ಕೆ ಶೆಲ್ ಬಡಿದವರನ್ನು ನೇರವಾಗಿ ಆಸ್ಪತ್ರೆಗೇ ಒಯ್ಯಬೇಕು. ಕಣ್ಣುಗುಡ್ಡೆಗೆ ಗಾಯವಾಗಿದ್ದರೆ ಒತ್ತಬಾರದು. ಮೆಡಿಕಲ್ ಅಂಗಡಿಯಲ್ಲಿ ‘ಕಣ್ಣುರಿಗೆ ಡ್ರಾಪ್ಸ್ ಕೊಡಿ’ ಎಂದು ಕೇಳಿ ಹಾಕಿಕೊಳ್ಳುವ ಅಭ್ಯಾಸ ಇಲ್ಲಿ ನಿಜಕ್ಕೂ ಅಪಾಯಕಾರಿ. ಸ್ಟೀರಾಯ್ಡ್ ಇರುವ ಹನಿ ತರಚಿದ ಪಟಲದಲ್ಲಿ ಸೋಂಕು ಬೆಳೆಯಲು ದಾರಿ ಮಾಡುತ್ತದೆ. ಅರಿವಳಿಕೆಯ ಹನಿ ಪದೇ ಪದೇ ಬಿದ್ದರೆ ಗಾಯ ಮಾಯುವುದಿಲ್ಲ. ವೈದ್ಯರು ಪರೀಕ್ಷೆಗೆಂದು ಒಮ್ಮೆ ಅರಿವಳಿಕೆ ಹಾಕುವುದು ಬೇರೆ, ಮನೆಗೆ ಕೊಂಡೊಯ್ಯುವುದು ಬೇರೆ.

ಆಸ್ಪತ್ರೆಗೆ ಹೋದರೆ ಪೊಲೀಸ್ ಪ್ರಕರಣವಾದೀತೆಂಬ ಅಂಜಿಕೆಯಿಂದ ಅನೇಕರು ಮನೆಯಲ್ಲೇ ನರಳುತ್ತಾರೆ. ಇಂತಹ ಗಾಯಗಳನ್ನು ಆಸ್ಪತ್ರೆ ಮೆಡಿಕೋ ಲೀಗಲ್ ಪ್ರಕರಣವೆಂದು ದಾಖಲಿಸಬಹುದು, ಅದು ಆಸ್ಪತ್ರೆಯ ಕರ್ತವ್ಯ. ಆದರೆ ಆ ಕಾಗದಪತ್ರಕ್ಕಾಗಿ ಚಿಕಿತ್ಸೆಯನ್ನು ತಡೆಯುವಂತಿಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಜೀವ ಉಳಿಸುವ ಚಿಕಿತ್ಸೆ ನೀಡುವುದು ಪ್ರತಿ ವೈದ್ಯರ ಮೊದಲ ಹೊಣೆ ಎಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಅಷ್ಟೇ ಅಲ್ಲ, ಮುಂದೆ ಯಾರಾದರೂ ಪರಿಹಾರ ಕೇಳುವುದಿದ್ದರೆ ಆ ದಾಖಲೆಯೇ ಆಧಾರ.

ಚೀಲದಲ್ಲಿರುವ ಡಬ್ಬಿ

ಇದೇ ಪೆಪ್ಪರ್ ಸ್ಪ್ರೇ ಆತ್ಮರಕ್ಷಣೆಯ ಸಾಧನವಾಗಿ ನಗರದ ಹೆಣ್ಣುಮಕ್ಕಳ ಕೈಚೀಲದಲ್ಲೂ ಇದೆ. ಕೊಳ್ಳಲು ಶಸ್ತ್ರ ಪರವಾನಗಿ ಬೇಕಿಲ್ಲ. ಹಾಗೆಂದು ಎಲ್ಲಿ ಬೇಕಾದರೂ ಬಳಸುವಂತಿಲ್ಲ. ಬೆಂಗಳೂರಿನ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು 2024ರ ಮೇ ತಿಂಗಳಲ್ಲಿ, ಜೀವಕ್ಕೆ ಸನ್ನಿಹಿತ ಬೆದರಿಕೆ ಮೇಲ್ನೋಟಕ್ಕೆ ಕಾಣದಿರುವಾಗ ಪೆಪ್ಪರ್ ಸ್ಪ್ರೇ ಬಳಸಿದ್ದನ್ನು ಆತ್ಮರಕ್ಷಣೆಯೆಂದು ಒಪ್ಪಲಾಗದೆಂದು ಹೇಳಿ, ಅದನ್ನು ಅಪಾಯಕಾರಿ ಆಯುಧವೆಂದು ಪರಿಗಣಿಸಿ, ಮೊಕದ್ದಮೆ ರದ್ದುಪಡಿಸಲು ನಿರಾಕರಿಸಿದರು. ಗುಂಪಿನ ನೂಕುನುಗ್ಗಲಿನಲ್ಲಿ ಚೀಲದ ಡಬ್ಬಿ ತಾನಾಗಿ ಒತ್ತಿಕೊಂಡು ಹಾರುವ ಸಾಧ್ಯತೆಯೂ ಇದೆ. ಪ್ರತಿಭಟನೆ ನಡೆಯುವ ದಾರಿಯಲ್ಲಿ ಹೋಗಬೇಕಾದವರು ಅದರ ಬೀಗವನ್ನು ಒಮ್ಮೆ ನೋಡಿಕೊಳ್ಳುವುದು, ಬದಲಿಗೆ ಎರಡು ಬಾಟಲಿ ನೀರನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.